ದಿನದ ಕೊನೆಯ ಕಾಲು ಗಂಟೆ

ಬದುಕಿನಲ್ಲಿ ದೇವರಿಗೇ ಮೊದಲ ಸ್ಥಾನ ಎಂಬುದನ್ನು ಒಪ್ಪದ ಕ್ರೈಸ್ತರಿಲ್ಲ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಊಟ ಬಟ್ಟೆಯ ಚಿಂತೆಯ ಬಗ್ಗೆ ಮಾತಾಡುತ್ತಲೇ ಯೇಸು ಇದನ್ನು ಕಲಿಸಿದರು. ಬೆಳಿಗ್ಗೆ ಎದ್ದು ಹಾಗೆಂದು ಸಂಕಲ್ಪ ಮಾಡಿಕೊಳ್ಳುವುದು ಸುಲಭ. ಆ ಸ್ಥಾನದಲ್ಲಿ ದಿನವಿಡೀ ಕುಳಿತದ್ದು ಯಾರು ಎಂಬುದು ಗೊತ್ತಾಗುವುದು ಮಾತ್ರ ರಾತ್ರಿ, ಕಳೆದ ದಿನವನ್ನು ತಿರುಗಿ ನೋಡಿದಾಗ. ಹಾಗೆ ನೋಡಲು ಕ್ರಮವೊಂದನ್ನು ಹಾಕಿಕೊಟ್ಟವರು ಸಂತ ಇಗ್ನೇಷಿಯಸ್ ಲೊಯೋಲಾ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಆರಂಭಿಸಿದ ಯೇಸುಸಭೆಯ, ಅಂದರೆ ಜೆಸ್ವಿಟರ, ಮೂಲ ಪುರುಷರು ಇವರೇ.

ಇಗ್ನೇಷಿಯಸ್ ಮೊದಲು ಸೈನ್ಯದಲ್ಲಿದ್ದವರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಓದಲು ಅವರಿಗೆ ಬೇಕಾಗಿದ್ದ ಶೂರರ ಕಥೆಗಳು ಸಿಗಲಿಲ್ಲ; ಸಿಕ್ಕಿದ್ದು ಕ್ರಿಸ್ತನ ಜೀವನ ಮತ್ತು ಸಂತರ ಚರಿತ್ರೆ. ಆಗ ಅವರೊಂದು ವಿಷಯ ಗಮನಿಸಿದರು. ಪರಾಕ್ರಮದ, ಕೀರ್ತಿಯ ಕನಸು ಕಾಣುವಾಗ ಹಿತವೆನಿಸುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಸಂತರಂತೆ ಬದುಕುವ ಯೋಚನೆಯಾದರೋ ಮುಗಿದ ಮೇಲೂ ಸಂತೋಷವನ್ನು ಉಳಿಸುತ್ತಿತ್ತು. ತನ್ನ ಮನಸ್ಸಿನ ಓಡಾಟವನ್ನು ದೇವರ ಮುಂದಿಟ್ಟು ನೋಡುವ ಅಭ್ಯಾಸ ಶುರುವಾದದ್ದು ಹೀಗೆ. ಮನ್ರೇಸಾ ಎಂಬ ಊರಿನಲ್ಲಿದ್ದಾಗಿನಿಂದ ಅವರು ಬರೆಯುತ್ತ ಬಂದ ‘ಆಧ್ಯಾತ್ಮಿಕ ಅಭ್ಯಾಸಗಳು’ ಎಂಬ ಕೈಪಿಡಿಗೆ 1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆ ಸಿಕ್ಕಿತು. ಆತ್ಮಶೋಧನೆಯ ಐದು ಹಂತಗಳು ಅದರಲ್ಲಿವೆ.

ಮೊದಲನೆಯದು ಕೃತಜ್ಞತೆ. ಪಾಪದ ಪಟ್ಟಿಯಿಂದ ಶುರು ಮಾಡುವುದು ಇಲ್ಲಿಯ ಕ್ರಮವಲ್ಲ. ನನಗೆ ಕಂಡಂತೆ ಇಡೀ ಅಭ್ಯಾಸದ ಜೀವ ಈ ಅನುಕ್ರಮದಲ್ಲಿದೆ. ತಪ್ಪಿನಿಂದಲೇ ಆರಂಭಿಸಿದವರು ನಾನು, ನನ್ನದು, ನನ್ನಿಂದಾಯಿತು ಎಂದು ತಮ್ಮ ಸುತ್ತಲೇ ತಿರುಗುತ್ತಾರೆ. ಪಡೆದದ್ದನ್ನು ನೆನೆದವರ ಕಣ್ಣು ಕೊಟ್ಟವನ ಕಡೆಗೆ ಹೋಗುತ್ತದೆ. ‘ಎಲ್ಲದಕ್ಕೂ ವಂದನೆ’ ಎಂದು ಒಟ್ಟಾರೆ ಹೇಳಿ ಮುಗಿಸಬೇಡಿ. ಮಗುವಿನ ಜ್ವರ ಇಳಿದದ್ದು, ಸಿಟ್ಟಿನ ಮಾತು ಬಾಯಿಗೆ ಬಂದರೂ ಗೆಳತಿ ನುಂಗಿಕೊಂಡದ್ದು, ಮಧ್ಯಾಹ್ನ ಹಸಿವಾದಾಗ ಬಿಸಿ ಅನ್ನ ಸಿಕ್ಕಿದ್ದು: ಆ ದಿನಕ್ಕೇ ಸೇರಿದ ಒಂದೆರಡನ್ನು ಹೆಸರಿಸಿ ಹೇಳಿ.

ಆಮೇಲೆ, ನನ್ನ ತಪ್ಪು ನನಗೆ ಕಾಣುವಂತೆ ಮಾಡು ಎಂದು ಬೇಡುವುದು. ಅವರವರ ತಪ್ಪು ಅವರವರಿಗೆ ಚಿಕ್ಕದಾಗಿಯೇ ಕಾಣುವುದರಿಂದ ಈ ಬೇಡಿಕೆ ಬೇಕೇ ಬೇಕು.

ಮೂರನೆಯದಕ್ಕೆ ಹೆಚ್ಚು ಸಮಯ ಕೊಡಿ. ಎದ್ದ ಗಳಿಗೆಯಿಂದ ಈ ಕ್ಷಣದವರೆಗೆ ಗಂಟೆ ಗಂಟೆಯಾಗಿ ನೋಡುತ್ತ ಬನ್ನಿ: ಮೊದಲು ಯೋಚನೆ, ಆಮೇಲೆ ಮಾತು, ಆಮೇಲೆ ಕೆಲಸ. ಎದ್ದೊಡನೆ ಮನಸ್ಸು ಎಲ್ಲಿಗೆ ಓಡಿತು? ಯಾರ ಮೆಚ್ಚುಗೆಗಾಗಿ ಮಾತನ್ನು ತಿರುಚಿದೆ? ಯಾವುದು ಕೈತಪ್ಪೀತೆಂದು ಎದೆ ಹೊಡೆದುಕೊಂಡಿತು? ಮೊದಲ ಸ್ಥಾನದ ಪ್ರಶ್ನೆಗೆ ನಿಜವಾದ ಉತ್ತರ ಈ ಭಯದಲ್ಲಿ ಸಿಗುತ್ತದೆ. ಆರೋಗ್ಯ, ಸಂಪತ್ತು, ಮಾನ, ದೀರ್ಘಾಯುಷ್ಯ ಇವುಗಳಿಗೆ ಅಂಟಿಕೊಳ್ಳದೆ, ದೇವರ ಕಡೆಗೆ ಒಯ್ಯುವಷ್ಟು ಮಟ್ಟಿಗೆ ಮಾತ್ರ ಬಳಸಬೇಕೆಂದು ಇಗ್ನೇಷಿಯಸ್ ಕೈಪಿಡಿಯ ಆರಂಭದಲ್ಲೇ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಆ ಪಟ್ಟಿಗೆ ಮಕ್ಕಳ ಅಂಕಗಳನ್ನೂ ಸೈಟಿನ ಕಂತನ್ನೂ ಸೇರಿಸಬೇಕಾದೀತು. ಚರ್ಚಿನ ಕೆಲಸವನ್ನಂತೂ ಮರೆಯದೆ ನೋಡಬೇಕು. ಗಾಯನ ತಂಡದಲ್ಲಿ ಯಾರು ಮುಂದೆ ನಿಲ್ಲುವುದು, ಹಬ್ಬದ ದಿನ ಯಾರ ಹೆಸರು ಓದುವುದು ಎಂದು ಮುನಿಸು ಹುಟ್ಟಿದ್ದರೆ, ದೇವರ ಹೆಸರಿನ ಸೇವೆಯಲ್ಲೇ ದೇವರು ಹಿಂದೆ ಸರಿದಿದ್ದಾನೆ. ದಿನದಲ್ಲಿ ದೇವರಿಗೆ ಹತ್ತಿರವಿದ್ದ ಗಳಿಗೆಗಳೂ ಇದ್ದೇ ಇರುತ್ತವೆ, ಅವನ್ನೂ ಗುರುತಿಸಿ.

ನಾಲ್ಕನೆಯದು ಕ್ಷಮೆ ಕೇಳುವುದು. ಕಥೋಲಿಕರಿಗೆ ಇದು ಪಾಪನಿವೇದನೆಗೆ ಬದಲಿಯಲ್ಲ. ದಿನವೂ ಮಾಡುವವರು ಗುರುಗಳ ಮುಂದೆ ಏನು ಹೇಳಬೇಕೆಂದು ತಡಕಾಡುವುದಿಲ್ಲ, ಅಷ್ಟೆ. ಪ್ರೊಟೆಸ್ಟೆಂಟರಿಗೂ ಇದು ಹೊರಗಿನದಲ್ಲ. ಕರ್ತನ ಭೋಜನಕ್ಕೆ ಮುಂಚೆ ಪ್ರತಿಯೊಬ್ಬರೂ ತಮ್ಮನ್ನು ಪರೀಕ್ಷಿಸಿಕೊಳ್ಳಬೇಕೆಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿದೆ. ಕೊನೆಯದು ನಾಳೆಯ ನಿರ್ಧಾರ. ‘ಒಳ್ಳೆಯವನಾಗುತ್ತೇನೆ’ ಎಂಬುದು ನಿರ್ಧಾರವಲ್ಲ. ‘ನಾಳೆ ತಮ್ಮನಿಗೆ ನಾನೇ ಫೋನ್ ಮಾಡುತ್ತೇನೆ’ ಎಂಬುದು ನಿರ್ಧಾರ. ಯೇಸು ಕಲಿಸಿದ ಪ್ರಾರ್ಥನೆಯೊಂದಿಗೆ ಮುಗಿಸಿ.

ಒಂದೇ ತಪ್ಪು ಮತ್ತೆ ಮತ್ತೆ ಬರುತ್ತಿದ್ದರೆ ಅದಕ್ಕೆ ಬೇರೆ ಅಭ್ಯಾಸವಿದೆ. ಬೆಳಿಗ್ಗೆ ಆ ತಪ್ಪನ್ನು ನೆನೆದು ಎಚ್ಚರವಾಗಿರಲು ನಿಶ್ಚಯಿಸಬೇಕು. ಜಾರಿದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ಮನಸ್ಸಿನಲ್ಲೇ ಪಶ್ಚಾತ್ತಾಪ ಪಡಬೇಕು. ಸುತ್ತ ಜನರಿದ್ದರೂ ಯಾರಿಗೂ ತಿಳಿಯುವುದಿಲ್ಲ. ಮಧ್ಯಾಹ್ನದ ಮತ್ತು ರಾತ್ರಿಯ ಊಟದ ನಂತರ ಎಷ್ಟು ಬಾರಿ ಜಾರಿದೆ ಎಂದು ಗೆರೆಯ ಮೇಲೆ ಚುಕ್ಕೆ ಹಾಕಬೇಕು. ದಿನಕ್ಕೆ ಎರಡು ಗೆರೆ, ವಾರಕ್ಕೆ ಏಳು ಜೊತೆ. ಕೈಪಿಡಿಯಲ್ಲಿ ಈ ಗೆರೆಗಳ ಚಿತ್ರವೇ ಇದೆ. ನಿನ್ನೆಗೂ ಇಂದಿಗೂ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಿದರೆ ತಿದ್ದುಪಾಟು ಕಣ್ಣಿಗೆ ಕಾಣುತ್ತದೆ.

ಕಾಲು ಗಂಟೆ ಸಾಕು. ರಾತ್ರಿ ಕಣ್ಣು ಎಳೆಯುವವರು ಊಟಕ್ಕೆ ಮುಂಚೆ, ಅಥವಾ ಕೆಲಸದಿಂದ ಬರುವ ಬಸ್ಸಿನಲ್ಲೇ ಮಾಡಬಹುದು. ಇಗ್ನೇಷಿಯಸ್ ಯೇಸುಸಭೆಯಲ್ಲಿ ಓದುತ್ತಿದ್ದ ತರುಣರಿಗೆ ದಿನಕ್ಕೆ ಎರಡು ಬಾರಿ ವಿಧಿಸಿದ್ದರು.

ಅತಿಯಾಗಿ ಕೊರಗುವ ಸ್ವಭಾವದವರು ಮಾತ್ರ ಎಚ್ಚರವಾಗಿರಬೇಕು. ಇಗ್ನೇಷಿಯಸ್ ಅವರೇ ಮನ್ರೇಸಾದಲ್ಲಿ, ಆಗಲೇ ನಿವೇದಿಸಿದ ಪಾಪಗಳನ್ನು ಮತ್ತೆ ಮತ್ತೆ ಕೆದಕಿ ಸಾಯುವ ಯೋಚನೆಯವರೆಗೆ ಹೋಗಿದ್ದರು. ಮುಂದೆ ಕೈಪಿಡಿಯಲ್ಲಿ ಇದಕ್ಕಾಗಿಯೇ ಸೂಚನೆಗಳನ್ನು ಬರೆದರು. ಆತ್ಮಶೋಧನೆ ಮುಗಿದ ಮೇಲೂ ಮನಸ್ಸು ಅಲ್ಲೇ ಸುತ್ತುತ್ತಿದ್ದರೆ ಒಬ್ಬರೇ ಹೊರಬೇಡಿ. ನಂಬಿಕೆಯ ಗುರುಗಳೊಬ್ಬರ ಬಳಿ ಹೇಳಿಕೊಳ್ಳಿ. ಸಾಯುವ ಯೋಚನೆ ಬಂದರೆ ತಡಮಾಡದೆ ಮನೆಯವರಿಗೂ ವೈದ್ಯರಿಗೂ ತಿಳಿಸಿ. ಅಂಥ ದಿನಗಳಲ್ಲಿ ಗೆರೆ ಚುಕ್ಕೆಗಳನ್ನು ಬದಿಗಿಟ್ಟು, ಮೊದಲ ಹಂತವನ್ನು ಮಾತ್ರ ಮಾಡಿ ಮಲಗಿ.