ಹಲ್ಲು ತೋರಿಸುವಾಗ ಮೈಯ ಕಾಯಿಲೆಯನ್ನೂ ಹೇಳಿ

ರೋಣ, ಗಜೇಂದ್ರಗಡ ಸುತ್ತಿನ ಹಲವು ಊರುಗಳಲ್ಲಿ ಹಿರಿಯರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಪಟ್ಟೆ ಅಥವಾ ಕಂದು ಕಲೆ ಇರುವುದನ್ನು ನೀವು ನೋಡಿರಬಹುದು. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಚಿಕ್ಕಂದಿನಲ್ಲಿ ಕುಡಿದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ವಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿದ್ದಾಗಲೇ ರಕ್ತದ ಮೂಲಕ ಅಲ್ಲಿಗೆ ತಲುಪಿ ಉಳಿಸಿದ ಗುರುತದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಎಂಟು ವರ್ಷದೊಳಗಿನ ಮಕ್ಕಳಿಗೆ ಮಲಪ್ರಭೆಯ ನಳದ ನೀರನ್ನೋ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಕೊಡಿ.

ಮೈಯೊಳಗೆ ಸೇರಿದ್ದು ಹಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ನಮ್ಮ ಗದಗ ಜಿಲ್ಲೆಯಲ್ಲಿ ಬೇರೆ ಉದಾಹರಣೆ ಬೇಕಿಲ್ಲ. ಆದರೂ ದಂತವೈದ್ಯರ ಮುಂದೆ ಕುಳಿತಾಗ ನಾವು ಹಲ್ಲುನೋವನ್ನಷ್ಟೇ ಹೇಳುತ್ತೇವೆ. ಶುಗರ್, ಬಿ.ಪಿ., ಹೃದಯದ ಗುಳಿಗೆಗಳ ಮಾತು ಎತ್ತುವುದೇ ಇಲ್ಲ. ಕೆಲವೊಮ್ಮೆ ಇದೇ ಅಪಾಯಕ್ಕೆ ದಾರಿಯಾಗುತ್ತದೆ.

ಸಕ್ಕರೆ ಕಾಯಿಲೆ ಮತ್ತು ವಸಡು

ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನೊಂದಿಗೆ ಹೋರಾಡುವ ದೇಹದ ಶಕ್ತಿ ಕುಗ್ಗುತ್ತದೆ, ಗಾಯ ಮಾಯಲು ತಡವಾಗುತ್ತದೆ, ಬಾಯಿ ಒಣಗುತ್ತದೆ. ವಸಡು ಊದಿ ರಕ್ತ ಬರುತ್ತದೆ, ಹಲ್ಲು ಹಿಡಿದಿರುವ ಎಲುಬು ಕರಗುತ್ತದೆ. ಕೊನೆಗೆ ಹುಳುಕಿಲ್ಲದ ಗಟ್ಟಿ ಹಲ್ಲೂ ಅಲುಗಾಡತೊಡಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ತೀವ್ರ ವಸಡಿನ ರೋಗ ಬರುವ ಸಂಭವ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು.

ಇದಕ್ಕೆ ಇನ್ನೊಂದು ಮುಖವೂ ಇದೆ. ವಸಡಿನಲ್ಲಿ ಸೋಂಕು ಉಳಿದರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ, ವಸಡಿಗೆ ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಸುಮಾರು 0.4ರಷ್ಟು ಇಳಿದದ್ದನ್ನು ಸಂಶೋಧನೆಗಳು ತೋರಿಸಿವೆ. ಗುಳಿಗೆ, ಪಥ್ಯ ಎಲ್ಲ ಸರಿಯಾಗಿದ್ದೂ ಶುಗರ್ ಇಳಿಯದಿದ್ದರೆ ಒಮ್ಮೆ ವಸಡು ತೋರಿಸಿ. ಹಾಗೆಯೇ, ಪದೇ ಪದೇ ವಸಡು ಬಾಯುವ ನಲವತ್ತು ದಾಟಿದವರು ಶುಗರ್ ಪರೀಕ್ಷೆ ಮಾಡಿಸಿ. ರೋಣ ಮತ್ತು ನರಗುಂದದ ತಾಲೂಕು ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಸಿಗುತ್ತದೆ.

ಗುಳಿಗೆಗಳ ಪರಿಣಾಮ

ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್ ಮತ್ತು ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡನ್ನು ಬೆಳೆಸುತ್ತವೆ. ವಸಡು ದಪ್ಪಗಾಗಿ ಹಲ್ಲಿನ ಮೇಲೆ ಏರಿದಂತೆ ಕಂಡರೆ ವೈದ್ಯರಿಗೆ ತಿಳಿಸಿ. ಅವರು ಬೇರೆ ಗುಳಿಗೆ ಕೊಡಬಲ್ಲರು. ನೀವಾಗಿಯೇ ನಿಲ್ಲಿಸಬೇಡಿ.

ಹೃದಯದ ತೊಂದರೆಗೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಹಲ್ಲು ಕೀಳಿಸುವ ಮುಂಚೆ ತಾವೇ ನಾಲ್ಕು ದಿನ ಗುಳಿಗೆ ಬಿಡುವುದುಂಟು. ಒಂದು ಹಲ್ಲು ಕಿತ್ತಾಗ ಬರುವ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಗುಳಿಗೆ ಬಿಟ್ಟದ್ದರಿಂದ ಹೃದಯದಲ್ಲೋ ಮಿದುಳಿನಲ್ಲೋ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೊದಲು ಐಎನ್‌ಆರ್ ರಕ್ತಪರೀಕ್ಷೆ ಬೇಕು. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರಿಗೆ ಹಲ್ಲು ಕೀಳುವ ಅರ್ಧದಿಂದ ಒಂದು ಗಂಟೆ ಮುಂಚೆ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ನೀವು ಹೇಳದೆ ದಂತವೈದ್ಯರಿಗೆ ಇದು ಗೊತ್ತಾಗುವುದಿಲ್ಲ.

ಹಲ್ಲುನೋವಿಗೆ ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ವಾರಗಟ್ಟಲೆ ನುಂಗುವುದೂ ಸರಿಯಲ್ಲ. ಡೈಕ್ಲೊಫಿನಾಕ್‌ನಂಥವು ಬಿ.ಪಿ. ಏರಿಸುತ್ತವೆ. ಸಕ್ಕರೆ ಕಾಯಿಲೆಯಿಂದ ಈಗಾಗಲೇ ಬಳಲಿದ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ನೋವಿರುವ ಜಾಗದಲ್ಲಿ ಆಸ್ಪಿರಿನ್ ಗುಳಿಗೆ ಇಟ್ಟುಕೊಂಡರೆ ವಸಡು ಸುಟ್ಟು ಹುಣ್ಣಾಗುತ್ತದೆ.

ಗರ್ಭಿಣಿಯರು

ಬಸುರಿಯಲ್ಲಿ ಹಾರ್ಮೋನು ಬದಲಾಗುವುದರಿಂದ ವಸಡು ಬೇಗ ಊದುತ್ತದೆ. ಮಗು ತಾಯಿಯ ಹಲ್ಲಿನಿಂದ ಸುಣ್ಣ ಎಳೆಯುತ್ತದೆ ಎನ್ನುವುದು ತಪ್ಪು ನಂಬಿಕೆ. ವಾಂತಿಯಾದ ಕೂಡಲೇ ಉಜ್ಜದೆ ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಹಲ್ಲುಜ್ಜಿ. ನಾಲ್ಕರಿಂದ ಆರನೇ ತಿಂಗಳು ಹಲ್ಲಿನ ಚಿಕಿತ್ಸೆಗೆ ಅನುಕೂಲ. ಬಾವು, ಕೀವು ಇದ್ದರೆ ಯಾವ ತಿಂಗಳಾದರೂ ಕಾಯಬಾರದು. ನಾಲಿಗೆ ಬಿಳಿಚಿ ನುಣುಪಾಗಿದ್ದರೆ, ತುಟಿಯ ಮೂಲೆ ಪದೇ ಪದೇ ಸೀಳುತ್ತಿದ್ದರೆ ರಕ್ತಹೀನತೆ ಇರಬಹುದು. ಹಿಮೋಗ್ಲೋಬಿನ್ ನೋಡಿಸಿ.

ಮಿಸ್ವಾಕ್, ವುಝೂ, ರೋಜಾ

ಮಿಸ್ವಾಕ್ ಮಾಡುವವರು ಅದರ ತುದಿಯನ್ನು ನೆನೆಸಿ ಮೆತ್ತಗೆ ಮಾಡಿಕೊಳ್ಳಿ. ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಹಗುರವಾಗಿ ಉಜ್ಜಿ, ಸವೆದ ಎಳೆಗಳನ್ನು ಆಗಾಗ ಕತ್ತರಿಸಿ. ರಾತ್ರಿ ಮಲಗುವ ಮುನ್ನ ಬ್ರಶ್ ಮತ್ತು ಫ್ಲೋರೈಡ್ ಪೇಸ್ಟ್ ಕೂಡ ಇರಲಿ. ಬಾಯಿ ಒಣಗುವವರು ವುಝೂವಿನ ಸಮಯದಲ್ಲಿ ಅವಸರವಿಲ್ಲದೆ ಬಾಯಿ ಮುಕ್ಕಳಿಸಿದರೆ ಒಳ್ಳೆಯದು. ಮಿಶ್ರಿ ಎಂದು ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಇಂದೇ ಬಿಡಿಸಿ. ಅದೂ ಗುಟಕಾದಂತೆ ಬಾಯಿ ಕ್ಯಾನ್ಸರಿಗೆ ಕಾರಣ.

ಸಕ್ಕರೆ ಕಾಯಿಲೆ ಇರುವವರು ಖಾಲಿ ಹೊಟ್ಟೆಯಲ್ಲಿ ಹಲ್ಲು ಕೀಳಿಸಬಾರದು. ಶುಗರ್ ಥಟ್ಟನೆ ಇಳಿದು ತಲೆ ಸುತ್ತಬಹುದು. ನಾಷ್ಟಾ ಮಾಡಿ, ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಬೆಳಿಗ್ಗೆ ಹೋಗುವುದು ಒಳ್ಳೆಯದು. ತಡೆಯಬಹುದಾದ ಚಿಕಿತ್ಸೆಯನ್ನು ರಮಝಾನಿಗೆ ಮೊದಲೇ ಮುಗಿಸಿ. ಆ ತಿಂಗಳಲ್ಲೇ ಬೇಕಾದರೆ ಇಫ್ತಾರ್ ನಂತರದ ಸಮಯ ಕೇಳಿ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಆ ಕೂಡಲೇ ಆಸ್ಪತ್ರೆಗೆ ಹೋಗಿ. ಸಂಜೆಯವರೆಗೆ ಕಾಯಬೇಡಿ.

ಹೋಗುವಾಗ ಏನೇನು ಒಯ್ಯಬೇಕು?

ದಿನವೂ ನುಂಗುವ ಎಲ್ಲ ಗುಳಿಗೆಗಳ ಪಟ್ಟಿ, ಇತ್ತೀಚಿನ ಶುಗರ್ ಮತ್ತು ಬಿ.ಪಿ. ಚೀಟಿ, ಹೃದಯದ ಆಪರೇಶನ್ ಆಗಿದ್ದರೆ ಅದರ ಕಾಗದ. ಯಾವ ಔಷಧ ಮೈಗೆ ಒಗ್ಗುವುದಿಲ್ಲ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಅಕ್ಷರ ಬಾರದ ಹಿರಿಯರಿದ್ದರೆ ಗುಳಿಗೆಯ ಖಾಲಿ ಪಟ್ಟಿಗಳನ್ನೇ ಚೀಲಕ್ಕೆ ಹಾಕಿ, ಜೊತೆಗೆ ಮಗನೋ ಸೊಸೆಯೋ ಹೋಗಲಿ. ವೈದ್ಯರು ಕೇಳದಿದ್ದರೂ ನೀವೇ ಅವನ್ನು ತೆಗೆದು ತೋರಿಸಿ.