ನವಿಲು ಮತ್ತು ಎರೆಭೂತ



ನವಿಲು ಬಂದು ಬೆಳೆ ಮೇಯ್ತದೆ ಅಂತ ನೀವು ಬೇಸರಪಡುವುದುಂಟು. ಹೊಲದ ಇನ್ನೊಂದು ದೊಡ್ಡ ಹಕ್ಕಿ ಎರೆಭೂತ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯ ಎರೆಹೊಲಗಳಲ್ಲಿ ಇದನ್ನು ಕಂಡವರಿದ್ದಾರೆ. ಎರಡೂ ದೊಡ್ಡ ಹಕ್ಕಿಗಳೇ. ಆದರೆ ಕುಲ ಬೇರೆ, ನೆಲೆ ಬೇರೆ, ಪಾಡೂ ಬೇರೆ.

ನವಿಲು ನಮ್ಮ ಕೋಳಿಯ ವರ್ಗಕ್ಕೆ ಸೇರಿದ್ದು. ಕುರುಚಲು ಕಾಡು, ತೋಪು, ಊರಂಚು ಎಲ್ಲಕ್ಕೂ ಒಗ್ಗುತ್ತದೆ. ರಾತ್ರಿ ಮರದ ಮೇಲೆ ಮಲಗುತ್ತದೆ. ಎರೆಭೂತದ ವರ್ಗವೇ ಬೇರೆ. ಅದರ ಕಾಲಿಗೆ ಹಿಂಬೆರಳಿಲ್ಲ. ಕೊಂಬೆ ಹಿಡಿದು ಕೂರಲಾರದು. ಬಯಲು ಹುಲ್ಲುಗಾವಲು, ಮಳೆಯಾಶ್ರಯದ ಹೊಲಗಳೇ ಅದರ ಮನೆ. ಅಲ್ಲಿ ಮಿಡತೆ, ಜೀರುಂಡೆ, ಕಾಳು ತಿಂದು ಬದುಕುತ್ತದೆ.

ನವಿಲು ನಾಲ್ಕಾರು ಮೊಟ್ಟೆ ಇಡುತ್ತದೆ. ಎರೆಭೂತ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ನಾಯಿ ಮುಟ್ಟಿತೋ, ಕುಂಟೆ ಹಾಯಿತೋ, ಅಲ್ಲಿಗೆ ಮುಗೀತು. ವಿದ್ಯುತ್ ತಂತಿಗೆ ಬಡಿದು ಸಾಯುವುದೂ ಉಂಟು.

1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲಿಗೆ ಇಂದು ಅಳಿವಿನ ಭಯವಿಲ್ಲ. ಎರೆಭೂತ 2011ರಲ್ಲಿ ಅಳಿವಿನ ಅಂಚಿನ ಹಕ್ಕಿಗಳ ಪಟ್ಟಿ ಸೇರಿತು. ಬಯಲಲ್ಲಿ ಉಳಿದಿರುವುದು ಸುಮಾರು 150, ಹೆಚ್ಚಿನವು ರಾಜಸ್ಥಾನದಲ್ಲಿ.

ಆದ್ದರಿಂದ ಬಿಳಿ ಕತ್ತಿನ, ಕಂದು ಮೈಯ ಎತ್ತರದ ಹಕ್ಕಿ ಹೊಲದಲ್ಲಿ ಕಂಡರೆ ಬೆದರಿಸಬೇಡಿ, ಮೊಟ್ಟೆ ಮುಟ್ಟಬೇಡಿ. ನಾಯಿ ಕಟ್ಟಿಹಾಕಿ, ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿ.