ಇಳಿಯುವ ವಿಮಾನಗಳ ನಡುವಣ ಅಂತರ

ಆಕಾಶವು ವಿಶಾಲವಾದುದೇನೋ ನಿಜ. ನಿಲ್ದಾಣದ ಬಳಿಯಲ್ಲಿ ಮಾತ್ರ ಅದು ಇಕ್ಕಟ್ಟಾದ ಓಣಿ. ಆದುದರಿಂದ ವಿಮಾನಗಳ ನಡುವೆ 1,000 ಅಡಿಗಳ ಎತ್ತರವನ್ನಾಗಲಿ, ರೇಡಾರಿನ ನೆರವಿರುವಲ್ಲಿ 3ರಿಂದ 5 ನಾಟಿಕಲ್ ಮೈಲಿಗಳ ದೂರವನ್ನಾಗಲಿ ಉಳಿಸುವುದು ವಾಡಿಕೆ. ಎತ್ತರವೊಂದನ್ನೇ ನೆಚ್ಚಲಾಗದು. 1996ರ ನವೆಂಬರ್ 12ರಂದು ದೆಹಲಿಗೆ ಇಳಿಯುತ್ತಿದ್ದ ಕಜಕ್ ವಿಮಾನವು ತನಗೆ ವಿಧಿಸಿದ್ದ 15,000 ಅಡಿಗಿಂತ ಕೆಳಗಿಳಿದು, 14,000 ಅಡಿಯಲ್ಲಿ ಎದುರಾದ ಸೌದಿ ವಿಮಾನಕ್ಕೆ ಬಡಿದುದರಿಂದ 349 ಜನರು ಮಡಿದರು. ತರುವಾಯ ಅಲ್ಲಿ ಬರುವ, ಹೋಗುವ ಮಾರ್ಗಗಳನ್ನೇ ಬೇರ್ಪಡಿಸಲಾಯಿತು.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 2022ರ ಜನವರಿಯ ಒಂದು ಬೆಳಗ್ಗೆ ಏರುವುದಕ್ಕೆ ಉತ್ತರದ, ಇಳಿಯುವುದಕ್ಕೆ ದಕ್ಷಿಣದ ರನ್‌ವೇ ಬಳಕೆಯಲ್ಲಿದ್ದಿತು. ದಕ್ಷಿಣದ್ದನ್ನು ಮುಚ್ಚಿದ ಸುದ್ದಿಯು ಅದರ ನಿಯಂತ್ರಕರಿಗೆ ತಲುಪಲಿಲ್ಲ. ಎರಡರಿಂದಲೂ ಒಮ್ಮೆಗೇ ಮೇಲೆದ್ದ ವಿಮಾನಗಳು ಒಂದರತ್ತಲೊಂದು ಸಾಗಿದವು. ರೇಡಾರ್ ನಿಯಂತ್ರಕರು ಅದನ್ನು ಕಂಡು, ದಿಕ್ಕು ಬದಲಿಸುವಂತೆ ಆದೇಶಿಸಿ ಅವುಗಳನ್ನು ದೂರ ಸರಿಸಿದರು.